ನದಿ ಪಕ್ಕದ ಹಳೇ ಕಾರ್ಖಾನೆ ಜಾಗದ ವಿಷವನ್ನು ಹೇಗೆ ಪತ್ತೆ ಮಾಡಿ ತೆಗೆಯುತ್ತಾರೆ?

ಮೊದಲು ನೋಡಬೇಕಾದ್ದು ನೀರಲ್ಲ, ಕೆಸರು. ಅಮೆರಿಕದ ಹಡ್ಸನ್ ನದಿಯನ್ನೇ ತಗೊಳ್ಳಿ. ಅಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕೆಪಾಸಿಟರ್ ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಅನ್ನೋ ರಾಸಾಯನಿಕ ನದಿಗೆ ಸೇರಿತು. ಅದು ನೀರಲ್ಲಿ ಸುಲಭವಾಗಿ ಕರಗಲ್ಲ. ಕೆಸರಿಗೆ ಅಂಟಿಕೊಂಡು, ಹುಳುಗಳಿಗೆ ಸೇರಿ, ಕೊನೆಗೆ ಮೀನಿನ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮೇಲೆ ನೀರು ತಿಳಿಯಾಗೇ ಕಾಣುತ್ತೆ, ಅದೇ ಮೋಸ ಅಲ್ವಾ?

ಪತ್ತೆ ಮಾಡೋಕೆ ನದಿ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಕೆಸರಿನ ಕಂಬವನ್ನೇ ಎತ್ತುತ್ತಾರೆ, ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಪ್ರತಿ ಪದರವನ್ನೂ ಪರೀಕ್ಷಿಸಿದರೆ ವಿಷ ಎಷ್ಟು ಆಳದಲ್ಲಿದೆ ಅಂತ ಗೊತ್ತಾಗುತ್ತದೆ. ದಡದಲ್ಲಿ ಬಾವಿ ಕೊರೆದು ಅಂತರ್ಜಲವನ್ನೂ ನೋಡಬೇಕು.

ಹಡ್ಸನ್‌ನಲ್ಲಿ 2009ರಿಂದ 2015ರ ನಡುವೆ ಸುಮಾರು 21 ಲಕ್ಷ ಘನ ಮೀಟರ್ ಕೆಸರು ಎತ್ತಿ, ನೀರು ಹಿಂಡಿ, ರೈಲಿನಲ್ಲಿ ದೂರದ ಸುರಕ್ಷಿತ ಗುಂಡಿಗಳಿಗೆ ಸಾಗಿಸಿದರು. ಆದರೆ ಮೂಲವನ್ನು ಮುಚ್ಚದೆ ಸುಮ್ನೆ ಕೆಸರು ತೆಗೆದರೆ ಪ್ರಯೋಜನವಿಲ್ಲ. ಒಂದು ಕಾರ್ಖಾನೆಯ ಕೆಳಗೆ ಬಂಡೆಯ ಬಿರುಕುಗಳಿಂದ ಎಣ್ಣೆಯಂಥ ಪಿಸಿಬಿ ನದಿಗೆ ಜಿನುಗುತ್ತಲೇ ಇತ್ತು. ಅದನ್ನು ತಡೆಯೋಕೆ ಬಂಡೆಯೊಳಗೇ ಸುರಂಗ ಕೊರೆದು, ಜಿನುಗನ್ನು ಹಿಡಿದು ಶುದ್ಧೀಕರಿಸಬೇಕಾಯಿತು.