ಮಾತಿಲ್ಲದ ಚಿತ್ರಕ್ಕೆ ಪುರಾಣವೇ ಏಕೆ?

ಮೂಕಿ ಚಿತ್ರಗಳ ಕಾಲದಲ್ಲಿ ನಿರ್ದೇಶಕ ದಾದಾಸಾಹೇಬ್ ಫಾಲ್ಕೆ ಪುರಾಣಗಳನ್ನೇ ಆರಿಸಿಕೊಂಡದ್ದು ಬರೀ ಭಕ್ತಿಯಿಂದಲೋ ಎಂದು ಕೇಳಿದ್ದೀರಿ. ಭಕ್ತಿಯೂ ಇತ್ತು, ಕ್ರಿಸ್ತನ ಜೀವನದ ಚಿತ್ರ ನೋಡುವಾಗಲೇ ಅವರ ಕಣ್ಣಮುಂದೆ ರಾಮ, ಕೃಷ್ಣರು ಬಂದಿದ್ದರು. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅನುಕೂಲ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದಾಗ ದೃಶ್ಯಗಳ ನಡುನಡುವೆ ತೆರೆಯ ಮೇಲೆ ಬರುವ ಬರಹ ಓದಬಲ್ಲವರೆಷ್ಟು ಮಂದಿ? ಕಥೆ ಗೊತ್ತಿದ್ದವನಿಗೆ ಓದುವ ಅಗತ್ಯವೇ ಇರಲಿಲ್ಲ. ಪವಾಡಗಳಂತೂ ಕ್ಯಾಮೆರಾ ಚಮತ್ಕಾರಕ್ಕೆ ಹೇಳಿ ಮಾಡಿಸಿದ್ದು. 1919ರ ‘ಕಾಳಿಯ ಮರ್ದನ’ ನೋಡಿ: ನೀರಿನೊಳಗೆ ಹಾವಿನೊಡನೆ ಸೆಣಸುವ ಬಾಲಕೃಷ್ಣ ಫಾಲ್ಕೆಯವರ ಮಗಳು ಮಂದಾಕಿನಿ! ಇನ್ನು ‘ರಾಜಾ ಹರಿಶ್ಚಂದ್ರ’ದಲ್ಲಿ ರಾಜನ ಹೆಂಡತಿ ತಾರಾಮತಿಯಾಗಿದ್ದ ನಟ ಸಾಳುಂಕೆ 1917ರ ‘ಲಂಕಾದಹನ’ದಲ್ಲಿ ರಾಮ, ಸೀತೆ ಎರಡೂ ತಾನೇ ಆದ. ನಾಟಕದ ಸ್ತ್ರೀಪಾತ್ರಧಾರಿಗಳನ್ನು ಕಂಡ ಪ್ರೇಕ್ಷಕರಿಗೆ ಅದೇನೂ ಹೊಸದಲ್ಲ ಬಿಡಿ.