ಕ್ವಿಲ್ಟ್ ಅಂಗಡಿಯ ಕೆಲಸಕ್ಕೆ ಸೇರಲಾ ಅಂತ ಕೇಳಿದ್ದೀರಲ್ಲ, ಸ್ವಲ್ಪ ಉದ್ದದ ಉತ್ತರ

ಮನೆ ಹತ್ತಿರದ ಕ್ವಿಲ್ಟ್ ಅಂಗಡಿಯಲ್ಲಿ (ತುಂಡು ಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವವರಿಗೆ ಬಟ್ಟೆ ಮಾರುವ ಅಂಗಡಿ) ಪಾರ್ಟ್ ಟೈಮ್ ಕೆಲಸ ಇದೆ, ಹೊಲಿಗೆ ಅಂದರೆ ಪ್ರಾಣ, ಸೇರಲಾ ಬೇಡವಾ, ನನ್ನ ಹೊಲಿಗೆಯೂ ಸುಧಾರಿಸುತ್ತಾ, ಜೊತೆಗೆ ಅಮ್ಮನ ಹಳೇ ರೇಷ್ಮೆ ಸೀರೆಗಳಿಂದ ಕ್ವಿಲ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಅಮೆರಿಕದ ಓಹಾಯೋದಲ್ಲಿ ಅಂಥದ್ದೇ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸೇರಿ ಅಂತಲೇ ಹೇಳುತ್ತೇನೆ. ಆದರೆ ಹೊಲಿಯೋಕೆ ಸಿಗುತ್ತೆ ಅನ್ನುವ ಆಸೆಯಿಂದ ಸೇರಬೇಡಿ. ಬಟ್ಟೆಗಿಂತ ಜನ ಇಷ್ಟ ಇದ್ದರೆ ಮಾತ್ರ ಈ ಕೆಲಸ ಒಗ್ಗುತ್ತದೆ.

ಅದಕ್ಕೂ ಮೊದಲು ವೀಸಾ ವಿಷಯ. ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಇದ್ದೀನಿ ಅಂತ ಬರೆದಿದ್ದೀರಿ. ಇಎಡಿ ಕಾರ್ಡ್, ಅಂದರೆ ಕೆಲಸ ಮಾಡಲು ಸರ್ಕಾರ ಕೊಡುವ ಅನುಮತಿ, ಕೈಗೆ ಬರುವ ತನಕ ಒಂದು ಗಂಟೆಯೂ ಕೆಲಸ ಮಾಡಬೇಡಿ. 2015ರಿಂದ ಎಚ್-4ನವರಿಗೆ ಅದು ಸಿಗುತ್ತಿದೆ, ಆದರೆ ಎಲ್ಲರಿಗೂ ಅಲ್ಲ, ಸಾಮಾನ್ಯವಾಗಿ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಹಾಕುವ ಅರ್ಜಿ) ಮಂಜೂರಾಗಿರಬೇಕು. "ಸಂಬಳ ಬೇಡ, ಬಟ್ಟೆಗೆ ಡಿಸ್ಕೌಂಟ್ ಕೊಡಿ ಸಾಕು" ಅಂತ ಒಪ್ಪಿಕೊಳ್ಳುವುದೂ ತೊಂದರೆಯೇ. ಲಾಯರನ್ನು ಕೇಳಿಕೊಂಡೇ ಮುಂದುವರಿಯಿರಿ.

ಇನ್ನು ಕೆಲಸ. ದಿನದ ಬಹುಪಾಲು ಕಟಿಂಗ್ ಟೇಬಲ್ ಹತ್ತಿರ ನಿಂತೇ ಕಳೆಯುತ್ತದೆ. ಥಾನು ಎತ್ತೋದು, ಬಿಚ್ಚೋದು, ಅಳೆಯೋದು, ರೋಟರಿ ಕಟರಿನಲ್ಲಿ (ಉರುಳುವ ದುಂಡನೆ ಬ್ಲೇಡು) ನೇರವಾಗಿ ಕತ್ತರಿಸೋದು, ಮತ್ತೆ ಸುತ್ತಿ ಶೆಲ್ಫಿಗೆ ಇಡೋದು. ಒಬ್ಬರು ಹದಿನೈದು ಇಪ್ಪತ್ತು ಥಾನು ಟೇಬಲ್ ಮೇಲೆ ಹರಡಿ, ಕೊನೆಗೆ ಕಾಲು ಗಜ ತಗೊಂಡು ಹೋಗುತ್ತಾರೆ. ಉಳಿದದ್ದೆಲ್ಲ ಬಣ್ಣದ ಪ್ರಕಾರ ವಾಪಸ್ ಜೋಡಿಸೋದು ನಮ್ಮ ಪಾಲು. ಮೊದಲ ತಿಂಗಳು ಭುಜ, ಹಿಮ್ಮಡಿ ಎರಡೂ ನೋಯುತ್ತವೆ. ಒಳ್ಳೆ ಶೂ ತಗೊಳ್ಳಿ, ಟೇಬಲ್ ಹತ್ತಿರ ಮೆತ್ತನೆ ಮ್ಯಾಟ್ ಇದೆಯಾ ಅಂತ ಇಂಟರ್‌ವ್ಯೂನಲ್ಲೇ ನೋಡಿಕೊಳ್ಳಿ. ಕಟರಿನ ಬ್ಲೇಡನ್ನು ಪ್ರತಿ ಸಲ ಕತ್ತರಿಸಿದ ಮೇಲೂ ಮುಚ್ಚಬೇಕು. ಮಾತಾಡುತ್ತಾ ತೆರೆದೇ ಇಟ್ಟರೆ ಬೆರಳಿಗೆ ಆಪತ್ತು.

ಲೆಕ್ಕ ಬರಬೇಕು, ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಗಿರಾಕಿ ಬಂದು "60 ಇಂಚು ಅಗಲ, 80 ಇಂಚು ಉದ್ದದ ಕ್ವಿಲ್ಟ್, ಹಿಂಬದಿಗೆ ಎಷ್ಟು ಬಟ್ಟೆ ಬೇಕು" ಅಂದರೆ ನಿಂತಲ್ಲೇ ಹೇಳಬೇಕು. ಲಾಂಗ್‌ಆರ್ಮ್ ಮೆಷೀನಿಗೆ (ಕ್ವಿಲ್ಟಿನ ಪದರಗಳನ್ನು ಸೇರಿಸಿ ಹೊಲಿಯುವ ದೊಡ್ಡ ಮೆಷೀನು) ಕೊಡುವುದಾದರೆ ಸುತ್ತಲೂ 4 ಇಂಚು ಜಾಸ್ತಿ ಬಿಡಬೇಕು, ಅಂದರೆ 68 ಇಂಟು 88. ಮಾಮೂಲಿ ಬಟ್ಟೆಯ ಬಳಕೆಗೆ ಸಿಗುವ ಅಗಲ ಸುಮಾರು 42 ಇಂಚು. ಹಾಗಾಗಿ 88 ಇಂಚಿನ ಎರಡು ತುಂಡು ಜೋಡಿಸಬೇಕು. ಒಟ್ಟು 176 ಇಂಚು, ಸುಮಾರು 5 ಗಜ. ಅದೇ 108 ಇಂಚು ಅಗಲದ ಬಟ್ಟೆ ತಗೊಂಡರೆ ಅಡ್ಡಡ್ಡ ತಿರುಗಿಸಿ 2 ಗಜದಲ್ಲಿ ಮುಗಿಯುತ್ತದೆ, ನಡುವೆ ಜೋಡಣೆಯೂ ಇರಲ್ಲ. ಗಜದ ಬೆಲೆ ಜಾಸ್ತಿ ಇದ್ದರೂ ಎಷ್ಟೋ ಸಲ ಇದೇ ಅಗ್ಗ. ಇದನ್ನು ತೋರಿಸಿಕೊಟ್ಟರೆ ಗಿರಾಕಿ ಮತ್ತೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಅದೇ ಕ್ವಿಲ್ಟಿನ ಬೈಂಡಿಂಗಿಗೆ, ಅಂದರೆ ಅಂಚು ಮುಚ್ಚಿ ಹೊಲಿಯುವ ಪಟ್ಟಿಗೆ, ಸುತ್ತಳತೆ 280 ಇಂಚು, ಮೂಲೆ ಮತ್ತು ಜೋಡಣೆಗೆ ಒಂದಿಷ್ಟು ಸೇರಿಸಿದರೆ ಎರಡೂವರೆ ಇಂಚಿನ 8 ಪಟ್ಟಿ ಬೇಕು, ಅಂದರೆ 20 ಇಂಚು ಬಟ್ಟೆ. ಅರ್ಧ ಗಜಕ್ಕೆ 18 ಇಂಚು ಮಾತ್ರ, ಸಾಲಲ್ಲ.

ಬೇಜಾರು ಎಲ್ಲಿ ಬರುತ್ತೆ ಅಂತ ಹೇಳುತ್ತೇನೆ. ಉಗುರಿನಷ್ಟು ಚೂರು ಹಿಡಿದುಕೊಂಡು ಬಂದು, "ಎರಡು ವರ್ಷದ ಹಿಂದೆ ಇಲ್ಲೇ ತಗೊಂಡಿದ್ದು, ಇನ್ನರ್ಧ ಗಜ ಬೇಕು" ಅನ್ನುತ್ತಾರೆ. ಕ್ವಿಲ್ಟ್ ಬಟ್ಟೆಯ ಪ್ರಿಂಟುಗಳು ಕಲೆಕ್ಷನ್ ಕಲೆಕ್ಷನ್ ಆಗಿ ಬರುತ್ತವೆ, ಬಹಳಷ್ಟನ್ನು ಮತ್ತೆ ಅಚ್ಚು ಹಾಕುವುದೇ ಇಲ್ಲ. ಮರುಮುದ್ರಣ ಆದರೂ ಬಣ್ಣ ಒಂದು ಚೂರು ಬೇರೆ ಬಂದಿರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಬಟ್ಟೆಯ ಅಂಚನ್ನು ಎಸೆಯಬೇಡಿ ಅನ್ನುತ್ತೇನೆ. ಅಲ್ಲಿ ಕಂಪನಿ ಹೆಸರು, ಕಲೆಕ್ಷನ್ ಹೆಸರು, ಬಳಸಿದ ಬಣ್ಣಗಳ ಚುಕ್ಕಿ ಎಲ್ಲ ಇರುತ್ತದೆ. ಅದೊಂದಿದ್ದರೆ ನಾಲ್ಕು ಕಡೆ ಫೋನ್ ಮಾಡಿಯಾದರೂ ಹುಡುಕಬಹುದು.

ನನಗೆ ನಿಜವಾಗಿ ನೋವಾಗೋದು ಇನ್ನೊಂದಕ್ಕೆ. ಒಂದು ಗಂಟೆ ಕೂತು ಬಣ್ಣ ಆರಿಸಿಕೊಟ್ಟಿರುತ್ತೇವೆ, ಅವರು ಪ್ರತಿ ಥಾನಿನ ತುದಿಯ ಲೇಬಲ್ ಫೋಟೊ ತೆಗೆದುಕೊಂಡು ಆನ್‌ಲೈನಿನಲ್ಲಿ ಕೊಳ್ಳೋಕೆ ಹೋಗುತ್ತಾರೆ. ದುಡ್ಡು ಉಳಿಸೋದು ತಪ್ಪಲ್ಲ, ಆದರೆ ಆ ಒಂದು ಗಂಟೆಯ ಕೆಲಸಕ್ಕೆ ಅಂಗಡಿಗೆ ಏನೂ ಸಿಗಲಿಲ್ಲ ಅಲ್ವಾ. 2025ರಲ್ಲಿ ಬಟ್ಟೆ, ಹೊಲಿಗೆ ಸಾಮಾನು ಮಾರುತ್ತಿದ್ದ ಜೋಆನ್ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ನಮ್ಮಲ್ಲಿಗೆ ಜಿಪ್, ಫ್ಲೀಸ್, ಲೈನಿಂಗ್ ಕೇಳಿಕೊಂಡು ಬರುವವರು ಹೆಚ್ಚಾದರು. ನಮ್ಮ ಹತ್ತಿರ ಇರೋದು ಹೆಚ್ಚಾಗಿ ಕಾಟನ್ ಮಾತ್ರ. ಅವರ ಮುಖ ಸಪ್ಪಗಾಗುವುದನ್ನು ದಿನಾ ನೋಡಬೇಕು. ಚಿಕ್ಕ ಊರುಗಳಲ್ಲಿ ಈಗ ಒಂದು ಜಿಪ್ಪಿಗೂ ದೂರ ಹೋಗಬೇಕಾಗಿದೆ.

ಆದರೆ ಖುಷಿಯೂ ಕಟಿಂಗ್ ಟೇಬಲ್ ಹತ್ತಿರವೇ ಸಿಗುತ್ತದೆ. ಒಬ್ಬ ಅಜ್ಜ ಶೂ ಬಾಕ್ಸಿನಲ್ಲಿ ತೀರಿಕೊಂಡ ಹೆಂಡತಿ ಹೊಲಿದಿಟ್ಟ ಬ್ಲಾಕುಗಳನ್ನು (ಕ್ವಿಲ್ಟಿಗೆ ಜೋಡಿಸುವ ಚೌಕಗಳು) ತಂದಿದ್ದರು, ಮೊಮ್ಮಗಳಿಗೆ ಕ್ವಿಲ್ಟ್ ಮಾಡಿಸಬೇಕು ಅಂತ. ಒಂದೂ ಒಂದೇ ಅಳತೆ ಇಲ್ಲ. ಒಂದು ಹನ್ನೊಂದೂಮುಕ್ಕಾಲು ಇಂಚು, ಇನ್ನೊಂದು ಹನ್ನೆರಡೂಕಾಲು. ದೊಡ್ಡದನ್ನು ಕತ್ತರಿಸಿ ಸರಿ ಮಾಡಿದರೆ ನಕ್ಷತ್ರದ ತುದಿಗಳು ಹೋಗಿಬಿಡುತ್ತವೆ. ಹಾಗಾಗಿ ಪ್ರತಿ ಬ್ಲಾಕಿನ ಸುತ್ತ ಪಟ್ಟಿ ಹೊಲಿದು, ಆಮೇಲೆ ಎಲ್ಲವನ್ನೂ 14 ಇಂಚಿಗೆ ಕತ್ತರಿಸುವುದು ಅಂತ ಮಾಡಿದೆವು. ಅವರ ಹೆಂಡತಿ ಹೊಲಿದದ್ದರಲ್ಲಿ ಒಂದು ದಾರವೂ ಹೋಗಬಾರದಿತ್ತು. ಪಟ್ಟಿಗೆ ಬಣ್ಣ ಆರಿಸುವಾಗ ಅಷ್ಟೂ ಹೊತ್ತು ಸುಮ್ನೆ ನಿಂತಿದ್ದವರು ಒಂದೇ ಮಾತು ಹೇಳಿದರು, "ಹಸಿರು ಬೇಡ, ಅವಳಿಗೆ ಹಸಿರು ಆಗುತ್ತಿರಲಿಲ್ಲ." ಇಂಥ ಕೆಲಸ ಬಂದ ದಿನ ಕಾಲು ನೋವು ಗೊತ್ತೇ ಆಗಲ್ಲ.

ನಿಮ್ಮ ಹೊಲಿಗೆ ಸುಧಾರಿಸುತ್ತಾ? ಸುಧಾರಿಸುತ್ತದೆ, ಆದರೆ ಹೊಲಿಯುವ ಸಮಯ ಕಮ್ಮಿ ಆಗುತ್ತದೆ. ಕಲಿಯೋದು ಬೇರೆಯವರ ತೊಂದರೆ ನೋಡಿ. ಕ್ಲಾಸಿಗೆ ಬರುವ ಹೊಸಬರದ್ದು ಬಹಳ ಸಲ ಒಂದೇ ದೂರು, "ನನ್ನ ಬ್ಲಾಕ್ ಚಿಕ್ಕದಾಗುತ್ತೆ". ಎರಡೂವರೆ ಇಂಚಿನ ನಾಲ್ಕು ಚೌಕ ಸಾಲಾಗಿ ಜೋಡಿಸಿದರೆ ಎಂಟೂವರೆ ಇಂಚು ಬರಬೇಕು. ಹೊಲಿಗೆಗೆ ಬಿಡುವ ಕಾಲು ಇಂಚಿನ ಮಾರ್ಜಿನ್ ಬದಲು ಎರಡೂ ಕಡೆಯ ತುಂಡಿನಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಹೋದರೂ ಮೂರು ಹೊಲಿಗೆಯಲ್ಲಿ 3/8 ಇಂಚು ಮಾಯ. ಬಾರ್ಡರ್ ಅಲೆಅಲೆಯಾಗಿ ಏಳೋದೂ ಹೀಗೇ. ಕ್ವಿಲ್ಟಿನ ನಡುಭಾಗ ಅಳೆದು ಪಟ್ಟಿ ಕತ್ತರಿಸದೆ, ಉದ್ದದ ಪಟ್ಟಿಯನ್ನು ಹಾಗೇ ಹೊಲಿಯುತ್ತಾ ಹೋಗಿ ಕೊನೆಗೆ ಕತ್ತರಿಸುತ್ತಾರೆ. ಲಾಂಗ್‌ಆರ್ಮಿಗೆ ಹಾಕಿದಾಗ ಆ ಸಡಿಲ ಬಟ್ಟೆಯೆಲ್ಲ ನೆರಿಗೆ ಆಗಿ ಕೂರುತ್ತದೆ.

ಸಂಬಳದ ಮೇಲೆ ಮನೆ ನಡೆಸುವ ಯೋಚನೆ ಬೇಡ. ಸಾಮಾನ್ಯ ಅಂಗಡಿ ಕೆಲಸದ ಸಂಬಳವೇ, ಅದರಲ್ಲೂ ಡಿಸ್ಕೌಂಟ್ ಇದೆ ಅಂತ ಬಟ್ಟೆಗೇ ಒಂದು ಭಾಗ ಹೋಗುತ್ತದೆ. ತಿಂಗಳಿಗೆ ಇಷ್ಟೇ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಸ್ಟಾಕ್ ಎಣಿಸುವಾಗ, ಶನಿವಾರದ ಕ್ಲಾಸುಗಳಲ್ಲಿ, ಅಂಗಡಿಗೆ ಸ್ಯಾಂಪಲ್ ಹೊಲಿದುಕೊಡುವಾಗ ಸಂಬಳ ಲೆಕ್ಕ ಹಾಕುತ್ತಾರಾ ಅಂತಲೂ ಕೇಳಿ. ಮನೆಯಲ್ಲಿ ಕೂತು ಹೊಲಿದುಕೊಡುವ ಸ್ಯಾಂಪಲ್ಲಿಗೆ ಏನೂ ಕೊಡದ ಅಂಗಡಿಗಳೂ ಇವೆ, ಇದು ಸರಿಯಲ್ಲ.

ಅಮ್ಮನ ಸೀರೆ ವಿಷಯ. ಖಂಡಿತ ಆಗುತ್ತದೆ. ಮೊದಲು ಸೀರೆಯ ಮಡಿಕೆ ಬಿದ್ದ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಪಿಸಿಯುತ್ತಾ ಬಂದರೆ ಆ ಭಾಗ ಬಿಟ್ಟುಬಿಡಿ. ಗಟ್ಟಿ ಇದ್ದ ಭಾಗಕ್ಕೆ ಇಸ್ತ್ರಿ ಹಾಕಿದರೆ ಅಂಟುವ ತೆಳು ಆಸರೆ ಬಟ್ಟೆ, ಅಂದರೆ ಇಂಟರ್‌ಫೇಸಿಂಗ್ ಹಚ್ಚಿ ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ರೇಷ್ಮೆ ಜಾರುತ್ತದೆ, ಎಳೆ ಬಿಡುತ್ತದೆ. ಹಚ್ಚುವಾಗ ಇಸ್ತ್ರಿ ತುಂಬಾ ಬಿಸಿ ಬೇಡ, ಮೇಲೆ ಒಂದು ಬಟ್ಟೆ ಹಾಕಿಕೊಳ್ಳಿ. ಜರಿ ಅಂಚನ್ನು ಬೇರೆ ತೆಗೆದಿಡಿ, ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಸೀರೆಗಳೂ ಇದ್ದರೆ ಅವುಗಳಿಂದ ನಮ್ಮ ಕಡೆಯ ಕೌದಿಯನ್ನೇ ಹೊಲಿಯಿರಿ, ಅದಕ್ಕೆ ಒಳಗೆ ಬ್ಯಾಟಿಂಗೂ (ನಡುವೆ ತುಂಬುವ ಮೆತ್ತನೆ ಪದರ) ಬೇಕಿಲ್ಲ, ಹಳೇ ಸೀರೆಯ ಪದರಗಳೇ ಸಾಕು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹಾಗೆ ಕೈಯಲ್ಲೇ ಹೊಲಿಯುತ್ತಾರೆ. ಅದರ ಫೋಟೊಗಳನ್ನು ನಮ್ಮ ಅಂಗಡಿಯ ಹಳೇ ಗಿರಾಕಿಗಳಿಗೆ ತೋರಿಸಿದಾಗ ಟೇಬಲ್ ಸುತ್ತ ಜನ ಸೇರಿಬಿಟ್ಟರು, ಆ ಸಣ್ಣ ಟಾಕಾಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಸೀರೆಗಳ ಫೋಟೊ ಇಲ್ಲೇ ಹಾಕಿ, ಮಡಿಕೆಯ ಜಾಗವನ್ನು ಹತ್ತಿರದಿಂದ ತೆಗೆಯಿರಿ. ಯಾವುದು ಕ್ವಿಲ್ಟಿಗೆ, ಯಾವುದು ಕೌದಿಗೆ ಅಂತ ನೋಡಿ ಹೇಳುತ್ತೇನೆ.