ಡಿಡಿ ತೋರಿಸುವ 2 ಜಿಬಿ ಸ್ಪೀಡನ್ನು ನಂಬಬಹುದಾ?

ನಿಮ್ಮದು 8 ನೋಡಿನ ಕ್ಲಸ್ಟರ್ (ನೋಡು ಅಂದರೆ ಒಟ್ಟಿಗೆ ದುಡಿಯೋ ಕಂಪ್ಯೂಟರುಗಳಲ್ಲಿ ಒಂದು), ಎಲ್ಲಕ್ಕೂ ನೆಟ್‌ವರ್ಕ್ ಮೇಲೆ ಫೈಲ್ ಹಂಚೋ ಒಂದು ಎನ್‌ಎಫ್‌ಎಸ್ ಸರ್ವರ್, ಗಿಗಾಬಿಟ್ ಸ್ವಿಚ್. 1 ಜಿಬಿ ಫೈಲ್ ಬರೆದು ಅದನ್ನೇ ಡಿಡಿಯಲ್ಲಿ (ಫೈಲ್ ನಕಲು ಮಾಡಿ ಸ್ಪೀಡನ್ನೂ ಹೇಳೋ ಲಿನಕ್ಸ್ ಕಮಾಂಡ್) ಓದಿದರೆ ಸೆಕೆಂಡಿಗೆ 2 ಜಿಬಿ ತೋರಿಸುತ್ತೆ, ಆದರೂ ಕ್ಲಸ್ಟರಿನಲ್ಲಿ ಓಡಿಸೋ ಜಾಬ್‌ಗಳು ತೆವಳುತ್ತವೆ, ಯಾಕೆ ಅಂತ ಕೇಳಿದ್ದೀರಿ.

ಆ 2 ಜಿಬಿ ಸುಳ್ಳು. ಗಿಗಾಬಿಟ್ ಕೇಬಲ್ಲಿನಲ್ಲಿ (8 ಬಿಟ್ಟಿಗೆ 1 ಬೈಟ್ ಲೆಕ್ಕದಲ್ಲಿ) ಸೆಕೆಂಡಿಗೆ 125 ಎಂಬಿ ದಾಟೋಕೇ ಆಗಲ್ಲ, ಕೈಗೆ ಸಿಗೋದು 110ರ ಆಸುಪಾಸು. ಈಗಷ್ಟೇ ಬರೆದ ಫೈಲು ನಿಮ್ಮ ನೋಡಿನ ರ‍್ಯಾಮಿನಲ್ಲೇ ಕೂತಿತ್ತು, ಡಿಡಿ ಅಲ್ಲಿಂದಲೇ ಎತ್ತಿಕೊಂಡಿತು, ಅಷ್ಟೆ. ಒಂದು ನೋಡಿನಲ್ಲಿ ಬರೆದು ಇನ್ನೊಂದರಲ್ಲಿ ಓದಿ. ಸರ್ವರಿನ ರ‍್ಯಾಮೂ ಇದೇ ಆಟ ಆಡುತ್ತೆ, ಹಾಗಾಗಿ ಫೈಲು ಅದರ ಎರಡು ಪಟ್ಟಾದರೂ ಇರಲಿ.

ಇನ್ನೊಂದು, ಒಂದೇ ನೋಡಿನಿಂದ ಅಳೆಯೋದು ಅಂದರೆ ನಮ್ಮ ಬೆಳಗಾವಿಯ ಖಡೇಬಜಾರಿನಲ್ಲಿ ಬೆಳಿಗ್ಗೆ 5ಕ್ಕೆ ಗಾಡಿ ಓಡಿಸಿ ರಸ್ತೆ ಖಾಲಿ ಇದೆ ಅಂದ ಹಾಗೆ. ಎಂಟೂ ನೋಡಿನಿಂದ ಒಟ್ಟಿಗೆ ಓಡಿಸಿ. ಐಒಆರ್ ಅನ್ನೋ ಟೆಸ್ಟ್ ಪ್ರೋಗ್ರಾಂ ಇದಕ್ಕೇ ಇರೋದು, ಎಂಪಿಐ (ನೋಡುಗಳ ಪ್ರೋಗ್ರಾಂಗಳು ಪರಸ್ಪರ ಮಾತಾಡಿಕೊಳ್ಳೋ ವ್ಯವಸ್ಥೆ) ಮೇಲೆ ನಡೆಯೋದರಿಂದ ಎಲ್ಲ ಕಡೆ ಒಟ್ಟಿಗೇ ಶುರುವಾಗುತ್ತೆ. ಸರ್ವರಿಗೆ ಇರೋದು ಒಂದೇ ಪೋರ್ಟು ಅಂದರೆ ಆ 110 ಎಂಟು ಪಾಲಾಗಿ ತಲೆಗೆ 14 ಎಂಬಿಯೂ ಬರಲ್ಲ. ನಿಮ್ಮ ಜಾಬ್ ತೆವಳೋದು ಬಹುಶಃ ಇಲ್ಲೇ.

ಡಿಸ್ಕನ್ನು ಬೈಯೋ ಮೊದಲು ಐಪರ್ಫ್3 ಅನ್ನೋ ಟೂಲ್ ಹಾಕಿ ಬರೀ ನೆಟ್‌ವರ್ಕ್ ನೋಡಿ. ನಮ್ಮ ಲ್ಯಾಬಿನಲ್ಲಿ ಒಂದು ನೋಡು ಮಾತ್ರ 11 ಎಂಬಿಗೆ ನಿಂತುಬಿಟ್ಟಿತ್ತು. ಎರಡು ದಿನ ಮೌಂಟ್ ಆಪ್ಷನ್ (ಸರ್ವರಿನ ಫೋಲ್ಡರನ್ನು ನೋಡಿಗೆ ಜೋಡಿಸೋ ಸೆಟ್ಟಿಂಗ್) ಬದಲಾಯಿಸಿದ್ದೇ ಬದಲಾಯಿಸಿದ್ದು. ಕೊನೆಗೆ ಈಥ್‌ಟೂಲ್‌ನಲ್ಲಿ (ನೆಟ್‌ವರ್ಕ್ ಕಾರ್ಡಿನ ಸ್ಥಿತಿ ತೋರಿಸೋ ಕಮಾಂಡ್) ನೋಡಿದರೆ ಸ್ಪೀಡ್ 100 ಮೆಗಾಬಿಟ್! ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ವೈರ್ ಬೇಕು, ನಾನೇ ಕ್ರಿಂಪ್ ಮಾಡಿದ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ) ಕೇಬಲ್ಲಿನಲ್ಲಿ ಕಂದು ವೈರ್ ಪಿನ್ನಿಗೆ ತಾಗಿರಲೇ ಇಲ್ಲ.

ನಿಮ್ಮ ಜಾಬ್ ಸಾವಿರಾರು ಸಣ್ಣ ಫೈಲ್ ಬರೆಯುತ್ತಾ? ಹಾಗಿದ್ದರೆ ಎಂಬಿ ಲೆಕ್ಕ ಬಿಡಿ, ಎಂಡಿಟೆಸ್ಟ್ ಅನ್ನೋ ಟೂಲಿನಿಂದ ಸೆಕೆಂಡಿಗೆ ಎಷ್ಟು ಫೈಲ್ ಹುಟ್ಟುತ್ತವೆ ಅಂತ ಎಣಿಸಿ. ಪ್ರತಿ ಫೈಲಿಗೂ ತೆರೆಯೋಕೆ, ಬರೆಯೋಕೆ, ಮುಚ್ಚೋಕೆ ಅಂತ ಸರ್ವರಿಗೆ ಹೋಗಿಬರಬೇಕು, ಸಮಯ ತಿನ್ನೋದು ಅದೇ. ಯಾರಾದರೂ ಎಕ್ಸ್‌ಪೋರ್ಟ್‌ನಲ್ಲಿ (ಸರ್ವರ್ ತನ್ನ ಫೋಲ್ಡರ್ ಹಂಚೋ ಸೆಟ್ಟಿಂಗ್) ಅಸಿಂಕ್ ಅನ್ನೋ ಆಪ್ಷನ್ ಹಾಕಿ ಅಂತಾರೆ. ಹಾಕಿದರೆ ಅಂಕಿ ಜಿಗಿಯುತ್ತೆ ನಿಜ, ಆದರೆ ಡಿಸ್ಕಿಗೆ ಇಳಿಯೋ ಮೊದಲೇ ಸರ್ವರ್ 'ಬರೆದಾಯ್ತು' ಅಂದುಬಿಡುತ್ತೆ. ಆ ಹೊತ್ತಿಗೆ ಕರೆಂಟ್ ಹೋದರೆ ರಾತ್ರಿಯೆಲ್ಲ ಓಡಿದ ರಿಸಲ್ಟ್ ಹೋಯ್ತು.